ಎರಡು ಮಳೆಗಳ ನಾಡು

ಪ್ರತಿವರ್ಷ ಮೇ ತಿಂಗಳ ಕೊನೆಯ ವಾರ ಬಂತೆಂದರೆ ದಿನಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ಒಂದೇ ವಿಚಾರ: ನೈಋತ್ಯ ಮಾರುತ ಎಲ್ಲಿಯವರೆಗೆ ಬಂದಿದೆ? ಜೂನ್ 1ರ ಹೊತ್ತಿಗೆ ಅದು ಕೇರಳದ ಕರಾವಳಿಯನ್ನು ಮುಟ್ಟುವುದು ವಾಡಿಕೆ. 2025ರಲ್ಲಿ ಮೇ 24ರಂದೇ ಮುಟ್ಟಿತು. ಅಲ್ಲಿಂದ ಕೆಲವೇ ದಿನಗಳಲ್ಲಿ ಕೊಡಗು, ಮಲೆನಾಡು, ಕರಾವಳಿಗಳು ತೊಯ್ದು ತೊಪ್ಪೆಯಾಗುತ್ತವೆ. ಮಡಿಕೇರಿಯ ಬಂಧುಗಳು ದೂರವಾಣಿಯಲ್ಲಿ, "ನಿಮ್ಮಲ್ಲಿ ಮಳೆ ಹೇಗೆ?" ಎಂದು ವಿಚಾರಿಸುತ್ತಾರೆ. ನಮ್ಮ ಗುಂಡ್ಲುಪೇಟೆ, ಚಾಮರಾಜನಗರದ ಸೀಮೆಯವರು ಆ ಪ್ರಶ್ನೆಗೆ ಕೊಡುವ ಉತ್ತರ ಪ್ರತಿವರ್ಷವೂ ಹೆಚ್ಚುಕಡಮೆ ಒಂದೇ: "ಮೋಡ ಇದೆ, ಗಾಳಿ ಇದೆ, ಮಳೆ ಇಲ್ಲ."

ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಈ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನವನ್ನು ಬೋಧಿಸಿದವನು ನಾನು. ಗೋಡೆಗೆ ತೂಗುಹಾಕಿದ ಭೂಪಟದ ಮೇಲೆ ಬಾಣದ ಗುರುತುಗಳನ್ನು ತೋರಿಸಿ ಮಾರುತಗಳ ದಿಕ್ಕನ್ನು ವಿವರಿಸುವ ಪಾಠ ಬಂದಾಗಲೆಲ್ಲ ಹಿಂದಿನ ಬೆಂಚಿನ ಯಾವನಾದರೊಬ್ಬ ವಿದ್ಯಾರ್ಥಿ ಎದ್ದು ನಿಂತು, "ಸಾರ್, ಜೂನ್ ತಿಂಗಳಲ್ಲಿ ನಮ್ಮೂರಲ್ಲಿ ಬರೀ ಗಾಳಿ ತಾನೆ ಬೀಸೋದು?" ಎಂದು ಕೇಳುತ್ತಿದ್ದ. ಅದು ತರಲೆಯ ಪ್ರಶ್ನೆಯಲ್ಲ. ಹೊಲದಿಂದ ನೇರವಾಗಿ ತರಗತಿಗೆ ಬಂದ ಮಗುವಿನ ಕಣ್ಣಾರೆ ಕಂಡ ಸತ್ಯ. ಆ ಪ್ರಶ್ನೆಯನ್ನೇ ಹಿಡಿದುಕೊಂಡು ನಾನು ಆ ದಿನದ ಪಾಠವನ್ನು ಮುಂದುವರಿಸುತ್ತಿದ್ದೆ.

ನಮ್ಮ ಪಶ್ಚಿಮಕ್ಕೆ ವಯನಾಡಿನ ಎತ್ತರದ ಸೀಮೆಯಿದೆ. ದಕ್ಷಿಣಕ್ಕೆ ನೀಲಗಿರಿಯ ಬೆಟ್ಟಸಾಲು ಅಡ್ಡಗಟ್ಟಿ ನಿಂತಿದೆ. ಅರಬ್ಬೀ ಸಮುದ್ರದಿಂದ ಹೊರಟ ತೇವದ ಗಾಳಿ ಆ ಘಟ್ಟಗಳನ್ನು ಏರುವಾಗ ತಣ್ಣಗಾಗಿ ತನ್ನ ಹೊರೆಯನ್ನೆಲ್ಲ ಅಲ್ಲಿಯೇ ಇಳಿಸಿಬಿಡುತ್ತದೆ. ಘಟ್ಟ ದಾಟಿ ಈಚೆಗೆ ಇಳಿಯುವಾಗ ಅದೇ ಗಾಳಿ ಬೆಚ್ಚಗಾಗಿ ಒಣಗುತ್ತದೆ. ಗುಂಡ್ಲುಪೇಟೆಯಿಂದ ಸುಮಾರು 100 ಕಿಲೋಮೀಟರ್ ದೂರದಲ್ಲಿರುವ ಲಕ್ಕಿಡಿಯು ಕೇರಳದಲ್ಲಿ ಅತಿ ಹೆಚ್ಚು ಮಳೆ ಬೀಳುವ ತಾಣಗಳಲ್ಲಿ ಒಂದು. ಅಲ್ಲಿಯೂ ನಮ್ಮ ಮಡಿಕೇರಿಯಲ್ಲಿಯೂ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ನಮ್ಮ ಚಾಮರಾಜನಗರ ಜಿಲ್ಲೆಯ ಪಾಲು 700ರಿಂದ 800 ಮಿಲಿಮೀಟರು ಮಾತ್ರ. ಭೂಗೋಳದ ಪುಸ್ತಕಗಳು ನಮ್ಮಂತಹ ಸೀಮೆಯನ್ನು ಮಳೆನೆರಳಿನ ಪ್ರದೇಶ ಎಂದು ಕರೆಯುತ್ತವೆ. ಕೃಷಿ ಇಲಾಖೆಯವರ ವಿಂಗಡಣೆಯಲ್ಲಿ ಇದು ದಕ್ಷಿಣ ಒಣವಲಯಕ್ಕೆ ಸೇರಿದ ನೆಲ.

ಆದರೆ ಮಳೆನೆರಳು ಎಂದ ಮಾತ್ರಕ್ಕೆ ಕಥೆ ಮುಗಿಯುವುದಿಲ್ಲ. ನಮಗೆ ಮಳೆ ಕಡಿಮೆ ಎಂಬುದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ನಮ್ಮ ಮಳೆಯ ಕಾಲವೇ ಬೇರೆ. ಜಿಲ್ಲೆಯ ತಿಂಗಳುವಾರು ಸರಾಸರಿಯನ್ನು ಕಾಗದದ ಮೇಲೆ ಗೆರೆಯಾಗಿ ಎಳೆದರೆ ಅದು ಒಂಟೆಯ ಬೆನ್ನಿನಂತೆ ಕಾಣುತ್ತದೆ. ಮೇ ತಿಂಗಳಲ್ಲಿ ಒಂದು ಡುಬ್ಬ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೂ ಎತ್ತರದ ಮತ್ತೊಂದು ಡುಬ್ಬ. ನಾಡೆಲ್ಲ ನೆನೆಯುವ ಜೂನ್, ಜುಲೈ ತಿಂಗಳುಗಳೇ ನಮ್ಮಲ್ಲಿ ಅವೆರಡರ ನಡುವಿನ ತಗ್ಗು. ಮೊದಲನೆಯ ಮಳೆ ನೆಲ ಕಾದು ಮೇಲೇಳುವ ಮೋಡದಿಂದ, ಗುಡುಗು ಸಿಡಿಲುಗಳ ಸಮೇತ ಸಂಜೆಯ ಹೊತ್ತು ಬರುತ್ತದೆ. ಎರಡನೆಯದು ಪಡುವಣ ಗಾಳಿ ಸೋತು, ಮೂಡಣದಿಂದ ಬಂಗಾಳ ಕೊಲ್ಲಿಯ ತೇವ ಬರತೊಡಗಿದಾಗ ಇಳಿಯುತ್ತದೆ. ಎರಡು ಸಣ್ಣ ಮಳೆಗಳು, ಅವುಗಳ ನಡುವೆ ಒಂದು ದೀರ್ಘ ನಿರೀಕ್ಷೆ. ಈ ಸೀಮೆಯ ಬದುಕನ್ನು ಅರಿಯಬೇಕೆನ್ನುವವರು ಮೊದಲು ಇದನ್ನು ಅರಿಯಬೇಕು.

ನಮ್ಮ ವರ್ಷ ಜನವರಿಯ ಮಂಜಿನಿಂದ ಆರಂಭವಾಗುತ್ತದೆ. ಬೆಳಗಿನ ಜಾವ ಗೋಪಾಲಸ್ವಾಮಿ ಬೆಟ್ಟದ 1454 ಮೀಟರು ಎತ್ತರದ ನೆತ್ತಿ ಕಾಣುವುದೇ ಇಲ್ಲ. ಹೊಲದಲ್ಲಿ ಹುರುಳಿ, ಅವರೆಗಳು ಆ ಇಬ್ಬನಿಯನ್ನೇ ಕುಡಿದು ಕಾಯಿ ಬಲಿಯುತ್ತವೆ. ಫೆಬ್ರವರಿ ಕಳೆಯುತ್ತಿದ್ದಂತೆ ಬಂಡೀಪುರದ ಕಾಡು ಎಲೆಯುದುರಿಸಿ ಬೆತ್ತಲಾಗುತ್ತದೆ. ಲಂಟಾನದ ಪೊದೆಗಳು ಒಣಗಿ ಕಿಡಿಗಾಗಿ ಕಾದು ಕುಳಿತಂತಿರುತ್ತವೆ. 2019ರ ಫೆಬ್ರವರಿಯಲ್ಲಿ ಬೆಟ್ಟದ ಆಸುಪಾಸಿನ ಕಾಡಿಗೆ ಬೆಂಕಿ ಬಿದ್ದು ಸಾವಿರಾರು ಎಕರೆ ಉರಿಯಿತು. ವಾಯುಪಡೆಯ ಹೆಲಿಕಾಪ್ಟರುಗಳು ನೀರು ಹೊತ್ತು ತಂದು ಸುರಿದವು. ಆ ವಾರ ನಮ್ಮ ಊರಿನ ಅಂಗಳದಲ್ಲಿ ಒಣಹಾಕಿದ ಬಟ್ಟೆಗಳ ಮೇಲೆಯೂ ಕರಿಬೂದಿ ಬಿದ್ದಿತ್ತು.

ಯುಗಾದಿಯ ಹೊತ್ತಿಗೆ ಆಕಾಶದ ಬಣ್ಣ ಬದಲಾಗುತ್ತದೆ. ಊರಿನವರು ಹೊನ್ನಾರು ಕಟ್ಟಿ ಮೊದಲ ಸಾಲು ಉಳುವ ದಿನ ಅಪ್ಪನೂ ತಮ್ಮ ಜೋಡಿ ಎತ್ತುಗಳನ್ನು ಹೊಲಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಏಪ್ರಿಲ್ ನಡುವಿನಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಹನ್ನೊಂದರ ಸುಮಾರಿಗೆ ಕೃತ್ತಿಕೆ, ಆಮೇಲೆ ರೋಹಿಣಿ. ಮನೆಗೆ ಬರುವ ನೆಂಟರ ಹೆಸರಿನಂತೆ ಅಪ್ಪ ಮಳೆಗಳ ಹೆಸರನ್ನು ಹೇಳುತ್ತಿದ್ದರು. ಭರಣಿ ಸುರಿದರೆ ಧರಣಿ ಬದುಕಿತು ಎಂಬುದು ನಮ್ಮ ಕಡೆಯ ಗಾದೆ. ಬಯಲುಸೀಮೆಯ ಬೇರೆ ಭಾಗದವರಿಗೆ ಅದು ಬರಿಯ ಗಾದೆಯಾಗಿರಬಹುದು. ನಮಗೆ ಅದು ಬಿತ್ತನೆಯ ಆದೇಶ. ಜೋಳ, ಹತ್ತಿ, ನೆಲಗಡಲೆ, ಸೂರ್ಯಕಾಂತಿಗಳು ಮಣ್ಣಿಗೆ ಬೀಳುವುದು ಈ ಮಳೆಯನ್ನು ನಂಬಿಯೇ. ಇದೇ ಮಳೆ ಆಲಿಕಲ್ಲನ್ನೂ ಬಿರುಗಾಳಿಯನ್ನೂ ತರುವುದುಂಟು. ಗೊನೆ ಹೊತ್ತ ಬಾಳೆಯ ತೋಟ ಅರ್ಧ ಗಂಟೆಯಲ್ಲಿ ಮಲಗಿ, ಸಾಲದ ಲೆಕ್ಕ ಮಾತ್ರ ನಿಂತುಕೊಂಡಿರುವುದನ್ನು ಇಲ್ಲಿಯ ಪ್ರತಿಯೊಂದು ಗ್ರಾಮವೂ ಕಂಡಿದೆ.

ಜೂನ್ ಬಂದರೆ ಗಾಳಿ. ಆಷಾಢದ ಗಾಳಿಗೆ ಹೆಂಚು ಹಾರುತ್ತದೆ, ತೆಂಗಿನ ಗರಿ ಮುರಿಯುತ್ತದೆ, ಹೊಲದ ತೇವ ಆರುತ್ತದೆ. ಕಾಡಿನಂಚಿನ ಹಂಗಳದ ಕಡೆ ತುಸು ಸೋನೆ ಹಿಡಿಯುತ್ತದೆ. ಬೇಗೂರು, ತೆರಕಣಾಂಬಿಗಳ ಕಡೆಗೆ ಬಂದಂತೆ ಅದೂ ತುಂತುರಾಗಿ ತೆಳುವಾಗುತ್ತದೆ. ಚಾಮರಾಜನಗರದ ಮೂಡಣ ಹಳ್ಳಿಗಳಿಗೆ ಮೋಡದ ನೆರಳಷ್ಟೇ ತಲುಪುತ್ತದೆ. ಈ ದಿನಗಳಲ್ಲಿಯೇ ಊಟಿಯ ಹಾದಿಯ ಎರಡೂ ಬದಿಗೆ ಸೂರ್ಯಕಾಂತಿಯೂ ಚೆಂಡುಹೂವೂ ಅರಳಿ ನಿಲ್ಲುತ್ತವೆ. ಕೇರಳದಿಂದ ಬರುವ ಪ್ರವಾಸಿಗರು ಕಾರು ನಿಲ್ಲಿಸಿ ಚಿತ್ರ ತೆಗೆದುಕೊಳ್ಳುತ್ತಾರೆ. ಆ ಹೂವಿನ ಬುಡದಲ್ಲಿರುವ ತೇವ ಅವರ ನಾಡಿನ ಜೂನ್ ಮಳೆಯದಲ್ಲ, ನಮ್ಮ ಮೇ ತಿಂಗಳ ಮಳೆಯದು ಎಂಬುದು ಅವರಿಗೆ ತಿಳಿದಿರಲಾರದು.

ಆಮೇಲೆ ಕಾಯುವ ಕಾಲ. ಮಘೆ, ಪುಬ್ಬೆಗಳು ಹೇಗೋ ಕಳೆದು, ಸೆಪ್ಟೆಂಬರಿನ ಉತ್ತರೆ, ಹಸ್ತ, ಅಕ್ಟೋಬರಿನ ಚಿತ್ತೆ, ಸ್ವಾತಿ ಮಳೆಗಳು ಬಂದರೆ ರಾಗಿ ತೆನೆಗಟ್ಟುತ್ತದೆ, ಹುರುಳಿ ಬಿತ್ತನೆಯಾಗುತ್ತದೆ, ಕೆರೆಯ ತಳದಲ್ಲಿ ನೀರು ಮಿನುಗುತ್ತದೆ. ಗೋಪಾಲಸ್ವಾಮಿ ಬೆಟ್ಟದ ಕಡೆ ಹುಟ್ಟಿ ನಂಜನಗೂಡಿನ ಬಳಿ ಕಬಿನಿಯನ್ನು ಸೇರುವ ಗುಂಡ್ಲು ಹೊಳೆ, ವರ್ಷದ ಬಹುಕಾಲ ಮರಳಿನ ಹಾದಿಯಾಗಿರುವಂಥದು, ಕೆಲವು ದಿನ ಹೊಳೆ ಎಂಬ ಹೆಸರಿಗೆ ತಕ್ಕಂತೆ ಹರಿಯುತ್ತದೆ. ಕೊನೆಗೆ ನವೆಂಬರ್, ಡಿಸೆಂಬರುಗಳ ಜಡಿಮಳೆ. ಕೊಲ್ಲಿಯಲ್ಲಿ ಚಂಡಮಾರುತ ಎದ್ದಿತೆಂದರೆ ಕಣದಲ್ಲಿ ಹರಡಿದ ರಾಗಿಯ ಮೇಲೆ ನಮ್ಮ ಎದೆಬಡಿತ. 2024ರ ಡಿಸೆಂಬರಿನ ಮೊದಲ ದಿನಗಳಲ್ಲಿ ಫೆಂಗಲ್ ಚಂಡಮಾರುತ ತಮಿಳುನಾಡನ್ನು ದಾಟಿ ಬಂದು ನಮ್ಮ ಸೀಮೆಯನ್ನೂ ನೆನೆಸಿತು. ಹಸಿ ಮೆದೆಯಲ್ಲಿ ತೆನೆ ಮೊಳೆತರೆ ಒಂದು ವರ್ಷದ ದುಡಿಮೆ ದನದ ಮುಂದೆ ಹೋಗುತ್ತದೆ.

ಇದಿಷ್ಟು ನಮ್ಮ ಹವೆಯ ಪರಿಚಯ. ಇನ್ನು ನಾನು ಹೇಳಬೇಕಾದದ್ದು ನಮ್ಮ ಮನೆಯ ಮಾತು.

ಅಪ್ಪ ಓದಿದ್ದು ನಾಲ್ಕನೆಯ ತರಗತಿಯವರೆಗೆ. ಅವರಿಗೆ ಒಂದು ಅಭ್ಯಾಸವಿತ್ತು. ಪ್ರತಿವರ್ಷ ಕ್ರಿಸ್ಮಸ್ ಮುಗಿದ ಮೇಲೆ ದೇವಾಲಯದಲ್ಲಿ ಕೊಡುತ್ತಿದ್ದ ಗೋಡೆ ಕ್ಯಾಲೆಂಡರನ್ನು ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ತೂಗುಹಾಕಿ, ಮಳೆ ಬಂದ ದಿನದ ಚೌಕದಲ್ಲಿ ಸೀಸದ ಕಡ್ಡಿಯಿಂದ ಒಂದೆರಡು ಅಕ್ಷರ ಬರೆಯುತ್ತಿದ್ದರು. ಅವರ ಮಳೆಮಾಪಕ ಗಾಜಿನದಲ್ಲ, ಮಣ್ಣಿನದು. ಮರುದಿನ ಬೆಳಗ್ಗೆ ಹೊಲಕ್ಕೆ ಹೋಗಿ ಕುಡುಗೋಲಿನ ತುದಿಯಿಂದ ನೆಲವನ್ನು ಕೆದಕಿ, ಒಂದು ಗೇಣು ಆಳದವರೆಗೆ ತೇವ ಇಳಿದಿದ್ದರೆ "ಹದ" ಎಂದು ಬರೆಯುತ್ತಿದ್ದರು. ಮೇಲ್ಮಣ್ಣು ಮಾತ್ರ ನೆನೆದಿದ್ದರೆ "ತುಂತುರು". ಜೂನ್ ಜುಲೈಗಳಲ್ಲಿ ಬಹುತೇಕ ವಾರಕ್ಕೊಮ್ಮೆ ಕಾಣಿಸುತ್ತಿದ್ದ ಮಾತು "ಬರಿ ಗಾಳಿ". ವರ್ಷ ಮುಗಿದ ಮೇಲೆ ಕ್ಯಾಲೆಂಡರನ್ನು ಸುತ್ತಿ ದಾರ ಕಟ್ಟಿ ತಗಡಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಏಕೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ನಾಲ್ಕು ಎಕರೆ ಖುಷ್ಕಿ ಜಮೀನನ್ನು ತಮ್ಮ ನೋಡಿಕೊಂಡ. ಶಾಲೆಯ ಸಂಬಳದಲ್ಲಿದ್ದ ನನಗೆ ಅದರ ಪಾಲು ಬೇಕಿರಲಿಲ್ಲ. ಹೆಸರು ಮಾತ್ರ ಇಬ್ಬರದೂ ಪಹಣಿಯಲ್ಲಿ ಉಳಿಯಿತು. ತಮ್ಮ ಶ್ರಮಜೀವಿ. ಸುತ್ತಮುತ್ತಲಿನವರು ಕೊಳವೆ ಬಾವಿ ಕೊರೆಸಿ ಬಾಳೆ, ಅರಿಶಿನಗಳನ್ನು ಬೆಳೆದು ಮನೆ ಕಟ್ಟುವುದನ್ನು ಕಂಡು ಅವನೂ ಕೊರೆಸಿದ. ನೀರು ಸಿಕ್ಕಿತು. ಮೂರು ನಾಲ್ಕು ವರ್ಷ ಬಾಳೆಯ ಗೊನೆಗಳು ಲಾರಿಯಲ್ಲಿ ಕೇರಳಕ್ಕೆ ಹೋದವು. ಅವನ ಮಕ್ಕಳ ಶಾಲೆಯ ಶುಲ್ಕ, ಮನೆಯ ಹೊಸ ಮಾಡು ಎಲ್ಲವೂ ಆ ಗೊನೆಗಳಿಂದಲೇ ಬಂದವು. ಆದ್ದರಿಂದ ಅವನ ಆಯ್ಕೆಯನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ.

2016ರಲ್ಲಿ ಹಿಂಗಾರು ಕೈಕೊಟ್ಟಿತು. ಸುತ್ತಲಿನ ಬಾವಿಗಳೆಲ್ಲ ಒಂದೇ ತಳದ ನೀರನ್ನು ಹೀರುತ್ತಿದ್ದವು. ಮುಂದಿನ ಬೇಸಿಗೆಗೆ ತಮ್ಮನ ಬಾವಿ ಗಾಳಿಯನ್ನು ಉಗುಳಿತು. ಇನ್ನೊಂದು ಕಡೆ, ಇನ್ನೂ ಆಳಕ್ಕೆ ಕೊರೆಸಿದ. ಅಲ್ಲಿ ಕಲ್ಲಿನ ಪುಡಿಯಷ್ಟೇ ಬಂತು. ನಂತರದ ಒಳ್ಳೆಯ ವರ್ಷಗಳಲ್ಲಿ ಬಾವಿಗೆ ಒಂದಿಷ್ಟು ನೀರು ಮರಳಿದಾಗ ಮತ್ತೆ ಬಾಳೆ ಹಾಕಿದ. ಆಮೇಲೆ 2023 ಬಂತು. ಆ ವರ್ಷದ ಆಗಸ್ಟ್, 1901ರಿಂದ ದಾಖಲೆಯಲ್ಲಿರುವ ಆಗಸ್ಟ್ ತಿಂಗಳುಗಳಲ್ಲೇ ಭಾರತಕ್ಕೆ ಅತ್ಯಂತ ಒಣ ಆಗಸ್ಟ್ ಎನಿಸಿತು. ಕರ್ನಾಟಕದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಊರಿನ ಮಕ್ಕಳು ಹಲಗೆಯ ಮೇಲೆ ಮಣ್ಣಿನ ಮಳೆರಾಯನನ್ನು ಹೊತ್ತು ಮನೆಮನೆಯ ಮುಂದೆ ನೀರು ಹುಯ್ಯಿಸಿಕೊಂಡರು. ಗುಡಿಯಲ್ಲಿಯೂ ಮಸೀದಿಯಲ್ಲಿಯೂ ನಮ್ಮ ದೇವಾಲಯದಲ್ಲಿಯೂ ಮಳೆಗಾಗಿ ಪ್ರಾರ್ಥನೆ ನಡೆಯಿತು. ಅಕ್ಟೋಬರಿನ ಆಸೆಯೂ ಸುಳ್ಳಾಯಿತು.

ಮರುವರ್ಷದ ಬೇಸಿಗೆಯಲ್ಲಿ ತಮ್ಮ ನನ್ನ ಮನೆಗೆ ಬಂದ. ಜಮೀನನ್ನು ಕೊಳ್ಳುವವರು ಪಟ್ಟಣದಿಂದ ಬಂದಿದ್ದಾರೆ, ಒಳ್ಳೆಯ ಬೆಲೆ ಹೇಳಿದ್ದಾರೆ, ನನ್ನ ಸಹಿ ಬೇಕು ಎಂದ. "ಅಣ್ಣಯ್ಯ, ಮೋಡ ನೋಡ್ಕಂಡು ಎಷ್ಟು ವರ್ಷ ಅಂತ ಕೂರದು? ಈ ನೆಲಕ್ಕೆ ಮಳೆನೇ ಬರೆದಿಲ್ಲ," ಎಂದು ಹೇಳಿದಾಗ ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಬರಿಯ ಆಯಾಸವಿತ್ತು. ಸಹಿ ಹಾಕುವುದಿಲ್ಲವೆಂದು ನಾನು ಹೇಳಲಿಲ್ಲ. ಸಾಲ ಹೊತ್ತವನು ಅವನು, ನಿವೃತ್ತಿ ವೇತನ ಪಡೆಯುವವನು ನಾನು. ಸಂಬಳದ ನೆರಳಿನಲ್ಲಿ ಕುಳಿತು ಬಿಸಿಲಿನಲ್ಲಿರುವವನಿಗೆ ಮಣ್ಣಿನ ಮಹಿಮೆಯನ್ನು ಬೋಧಿಸುವುದು ಸಲ್ಲದ ಮಾತು. ಒಂದು ದಿನ ಅವಕಾಶ ಕೊಡು ಎಂದಷ್ಟೇ ಕೇಳಿ, ಅವನ ಜೊತೆಯಲ್ಲಿಯೇ ಹಳ್ಳಿಗೆ ಹೋದೆ.

ಆ ರಾತ್ರಿ ನಾವಿಬ್ಬರೂ ತಗಡಿನ ಪೆಟ್ಟಿಗೆಯನ್ನು ತೆರೆದು ಕ್ಯಾಲೆಂಡರುಗಳನ್ನು ಹಜಾರದ ನೆಲದ ಮೇಲೆ ವರುಷವಾರು ಹರಡಿದೆವು. ಕೆಲವನ್ನು ಇಲಿ ಕಡಿದಿತ್ತು, ಕೆಲವಕ್ಕೆ ನೀರು ಹತ್ತಿತ್ತು. ಉಳಿದವುಗಳಲ್ಲಿ ಅಪ್ಪನ ಅಕ್ಷರ ಸ್ಪಷ್ಟವಾಗಿಯೇ ಇತ್ತು. ಒಂದೊಂದು ಹಾಳೆಯನ್ನೂ ನೋಡುತ್ತ ಹೋದಂತೆ ಒಂದು ಕ್ರಮ ಕಾಣಿಸಿತು. "ಹದ" ಎಂಬ ಮಾತು ಏಪ್ರಿಲ್, ಮೇ ಹಾಳೆಗಳಲ್ಲಿ ಒಂದು ಗುಂಪು. ಸೆಪ್ಟೆಂಬರ್, ಅಕ್ಟೋಬರ್ ಹಾಳೆಗಳಲ್ಲಿ ಇನ್ನೊಂದು ಗುಂಪು. ಒಂದು ಗುಂಪು ತೆಳುವಾಗಿದ್ದ ವರ್ಷ ಬಹಳ ಸಲ ಇನ್ನೊಂದು ದಟ್ಟವಾಗಿತ್ತು. ಅಲ್ಲಲ್ಲಿ ಹಾಳೆಯ ಅಂಚಿನಲ್ಲಿ ಬಿತ್ತಿದ್ದರ ಹೆಸರು: ಮುಂಗಾರಿಗೆ ಜೋಳ, ಹಿಂಗಾರಿಗೆ ಹುರುಳಿ, ರಾಗಿಯ ನಡುವೆ ಅಕ್ಕಡಿ ಸಾಲಿಗೆ ಅವರೆ, ತೊಗರಿ, ಅಲಸಂದೆ. ಇಡೀ ನಾಲ್ಕು ಎಕರೆಗೆ ಒಂದೇ ಬೆಳೆಯನ್ನು ಬಿತ್ತಿದ ವರ್ಷ ಒಂದೂ ನಮಗೆ ಸಿಗಲಿಲ್ಲ. ಎಲ್ಲವನ್ನೂ ಒಂದೇ ಮಳೆಯ ಮೇಲೆ ಪಣಕ್ಕಿಟ್ಟ ವರ್ಷವೂ ಇರಲಿಲ್ಲ.

ತಮ್ಮ ಬಹಳ ಹೊತ್ತು ಮಾತನಾಡದೆ ಕುಳಿತಿದ್ದ. ಕೊನೆಗೆ, "ಎಲ್ಡು ಮಳಕೂ ಎಲ್ಡು ಗಂಟು ಕಟ್ಟಿದ್ರು ಅಪ್ಪ," ಎಂದ. ಈ ನೆಲದ ಬೇಸಾಯದ ವಿಚಾರವಾಗಿ ನಾನು ಓದಿದ ಯಾವ ವರದಿಯೂ ಇಷ್ಟು ಚಿಕ್ಕದಾಗಿ ಇದನ್ನು ಹೇಳಿಲ್ಲ. ಎರಡು ಸಣ್ಣ ಮಳೆಗಳ ನಾಡು ಎರಡು ಸಣ್ಣ ಬಿತ್ತನೆಗಳನ್ನು ಬೇಡುತ್ತದೆ. ವರ್ಷ ಪೂರ್ತಿ ಒಂದೇ ಸಮನೆ ನೀರು ಬೇಡುವ ಬಾಳೆ ಮಳೆಯ ಆ ನಡುವಿನ ತಗ್ಗನ್ನು ನೆಲದಡಿಯ ನೀರಿನಿಂದ ತುಂಬಿಕೊಳ್ಳಬೇಕು. ಆ ನೀರು ಮುಗಿದ ದಿನ ತಗ್ಗು ತೆರೆದುಕೊಂಡು ಬೆಳೆಗಾರನನ್ನೇ ನುಂಗುತ್ತದೆ. ಮಳೆ ಬರೆದಿಲ್ಲದ ನೆಲ ಇದಲ್ಲ. ಎರಡು ಸಾಲಿನಲ್ಲಿ ಬರೆದಿರುವ ನೆಲ.

ಆದರೆ ಆ ಪೆಟ್ಟಿಗೆಯಲ್ಲಿ ಸಮಾಧಾನ ಮಾತ್ರವೇ ಇರಲಿಲ್ಲ. ಎರಡೂ ಗುಂಪುಗಳು ಬರಿದಾಗಿದ್ದ ವರ್ಷಗಳೂ ಅಲ್ಲಿದ್ದವು. ಅಂತಹ ವರ್ಷಗಳ ಡಿಸೆಂಬರ್, ಜನವರಿ ಚೌಕಗಳಲ್ಲಿ ಅಪ್ಪ ಬರೆದಿದ್ದದ್ದು "ಕಾಪಿ ಕುಯ್ಲು" ಎಂದು. ಹದವಿಲ್ಲದ ವರ್ಷ ನಮ್ಮ ಸೀಮೆಯ ಜನ ಮೂಟೆ ಕಟ್ಟಿಕೊಂಡು ಕಾಡಿನ ಹಾದಿ ಹಿಡಿದು ವಯನಾಡಿನ ತೋಟಗಳಿಗೆ, ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದರು. ಈಗಲೂ ಹೋಗುತ್ತಾರೆ. ಮಳೆ ನಮ್ಮ ಬಳಿಗೆ ಬಾರದಿದ್ದರೆ ನಾವೇ ಮಳೆಯ ಬಳಿಗೆ ಹೋಗುವುದು ಇಲ್ಲಿಯ ಹಳೆಯ ಪದ್ಧತಿ. ಅಪ್ಪ ಪ್ರತಿಸಲ ಹಿಂದಿರುಗಿದರು. ಹಲವರು ಅಲ್ಲಿಯೇ ನೆಲೆಸಿ ಮನೆಮಠ ಕಟ್ಟಿಕೊಂಡರು.

ನಾವು ಆ ಕ್ಯಾಲೆಂಡರುಗಳನ್ನು ಹರಡಿದ ಕೆಲವೇ ವಾರಗಳ ನಂತರ, 2024ರ ಜುಲೈ 30ರ ನಸುಕಿನಲ್ಲಿ, ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟ ಕುಸಿಯಿತು. 200ಕ್ಕೂ ಹೆಚ್ಚು ಜನ ಮಣ್ಣಿನಡಿ ಪ್ರಾಣ ಬಿಟ್ಟರು. ಕೂಲಿಗೆಂದು ಹೋಗಿ ಅಲ್ಲಿಯೇ ನೆಲೆಸಿದ್ದ ನಮ್ಮ ಚಾಮರಾಜನಗರ ಜಿಲ್ಲೆಯ ಮೂಲದವರೂ ಅವರಲ್ಲಿದ್ದರು. ಆ ದಿನ ನಮ್ಮ ಊರಿನಲ್ಲಿ ಎಂದಿನಂತೆ ಗಾಳಿ ಬೀಸುತ್ತಿತ್ತು. ಸೂರ್ಯಕಾಂತಿಯ ಹೊಲದ ಮೇಲೆ ಮೋಡಗಳು ಸುರಿಯದೆ ಓಡುತ್ತಿದ್ದವು. ಟೀವಿಯ ಮುಂದೆ ಕುಳಿತಿದ್ದ ತಮ್ಮ, "ನಮ್ಮ ಪಾಲಿನದೂ ಅಲ್ಲೇ ಸುರೀತೇನೊ," ಎಂದು ಮೆಲ್ಲಗೆ ಹೇಳಿದ.

ಮಳೆನೆರಳು ಎಂಬ ಪದವನ್ನು ನಾನು ಬೋಧನೆಯ ವರ್ಷಗಳುದ್ದಕ್ಕೂ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಪುಸ್ತಕದಲ್ಲಿ ಅದು ಕೊರತೆಯ ಹೆಸರು. ಆದರೆ ನಮ್ಮ ನುಡಿಯಲ್ಲಿ ನೆರಳು ಎಂದರೆ ಆಸರೆ. ದಾರಿಹೋಕನಿಗೆ ಮರದ ನೆರಳು, ಮಕ್ಕಳಿಗೆ ತಂದೆತಾಯಿಯರ ನೆರಳು. ಸಮುದ್ರದಿಂದ ಬರುವ ಮಾರುತದ ಪೂರ್ಣ ಬಲವನ್ನು ತನ್ನ ಎದೆಯ ಮೇಲೆ ತೆಗೆದುಕೊಳ್ಳುವ ಬೆಟ್ಟದ ಹಿಂದೆ ನಾವು ಕುಳಿತಿದ್ದೇವೆ. ಆ ಬೆಟ್ಟದ ಮೇಲೆ ಬಿದ್ದ ನೀರು ನಮಗೆ ಸಿಗದೆಯೂ ಹೋಗುವುದಿಲ್ಲ. ವಯನಾಡಿನಲ್ಲಿ ಹುಟ್ಟುವ ಕಬಿನಿ, ಹೆಗ್ಗಡದೇವನಕೋಟೆಯ ಜಲಾಶಯವನ್ನು ತುಂಬಿ ನಂಜನಗೂಡಿನ ಮುಂದೆ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಅದರ ನೀರನ್ನು ಏತ ನೀರಾವರಿಯ ಕೊಳವೆಗಳಲ್ಲಿ ಮೇಲೆತ್ತಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಹಲವು ಕೆರೆಗಳಿಗೆ ತುಂಬಿಸಲಾಗುತ್ತಿದೆ. ಕೆರೆ ತುಂಬಿದ ಊರುಗಳ ಬಾವಿಗಳಲ್ಲಿ ನೀರು ಮರಳುತ್ತಿದೆ. ನಮ್ಮ ತಲೆಯ ಮೇಲೆ ಬೀಳದ ಜೂನ್ ಮಳೆ ಹೀಗೆ ಸುತ್ತುಬಳಸಿ ನಮ್ಮ ಕಾಲ ಬುಡಕ್ಕೆ ಬರುತ್ತದೆ. 2018ರ ಆಗಸ್ಟಿನಂತೆ ಅದೇ ಕಬಿನಿ ಉಕ್ಕಿ ನಂಜನಗೂಡಿನ ಬಳಿ ಮೈಸೂರು ರಸ್ತೆಯನ್ನು ಮುಳುಗಿಸಿದ್ದೂ ಉಂಟು. ನೆರೆಯ ನಾಡಿನ ಮಳೆಯನ್ನು ಕಂಡು ಕರುಬುವ ಮುನ್ನ ಆ ಮಳೆಯ ಭಾರವನ್ನು ಯಾರು ಹೊರುತ್ತಿದ್ದಾರೆಂಬುದನ್ನೂ ನಾವು ನೆನೆಯಬೇಕು.

ಪ್ರಿಯ ಓದುಗರೇ, ಜಮೀನು ಏನಾಯಿತೆಂದು ನೀವು ಕೇಳಬಹುದು. ಒಂದು ಎಕರೆಯನ್ನು ಮಾರಿ ತಮ್ಮ ಸಾಲದ ಬಹುಪಾಲು ತೀರಿಸಿದ. ಅದಕ್ಕೆ ನಾನು ಸಂತೋಷದಿಂದಲೇ ಸಹಿ ಹಾಕಿದೆ. ಉಳಿದ ಮೂರರಲ್ಲಿ ತಗ್ಗಾದ ಮೂಲೆಗೆ ಒಂದು ಕೃಷಿ ಹೊಂಡ ತೋಡಿಸಿದ್ದಾನೆ. ಮುಂಗಾರಿನ ಗುಡುಗು ಮಳೆ ಒಂದೇ ಗಂಟೆಯಲ್ಲಿ ಸುರಿದು ಹರಿದುಹೋಗುವ ನೀರು ಅದರಲ್ಲಿ ನಿಂತರೆ, ನಡುವಿನ ಒಣ ದಿನಗಳಲ್ಲಿ ಬಾಡುವ ಪೈರಿಗೆ ಒಂದೆರಡು ಸಲ ಹಾಯಿಸಬಹುದು. ಮುಂಗಾರಿಗೆ ಜೋಳ, ಸೂರ್ಯಕಾಂತಿ. ಹಿಂಗಾರಿಗೆ ಹುರುಳಿ, ಅವರೆ. ಬಾಳೆಯನ್ನು ಮನೆಯ ಹಿತ್ತಲಿಗೆ ಮಾತ್ರ ಉಳಿಸಿಕೊಂಡಿದ್ದಾನೆ. ಇದರಿಂದ ಮನೆ ಪೂರ್ತಿ ನಡೆಯುತ್ತದೆಂದು ನಾನು ಹೇಳಲಾರೆ. ವಾರದಲ್ಲಿ ನಾಲ್ಕು ದಿನ ಅವನು ಸರಕಿನ ಆಟೋ ಓಡಿಸಿ ತೆರಕಣಾಂಬಿಯ ಮಾರುಕಟ್ಟೆಗೆ ತರಕಾರಿ ಸಾಗಿಸುತ್ತಾನೆ. ಮಗ ಮೈಸೂರಿನಲ್ಲಿ ಕೆಲಸದಲ್ಲಿದ್ದಾನೆ. ಅವನು ಮರಳಿ ಬರುವನೆಂಬ ಭರವಸೆ ತಮ್ಮನಿಗಿಲ್ಲ. ನೆಲ ಮಾತ್ರ ಸಾಲ ಮಾಡುತ್ತಿಲ್ಲ. ನಮ್ಮ ಸೀಮೆಯಲ್ಲಿ ಅದು ಸಣ್ಣ ಮಾತಲ್ಲ.

ಇಂದು ಪ್ರತಿಯೊಂದು ಗ್ರಾಮ ಪಂಚಾಯಿತಿಯ ಬಳಿ ತಾನಾಗಿಯೇ ಮಳೆಯನ್ನು ಅಳೆದು ಬೆಂಗಳೂರಿಗೆ ಲೆಕ್ಕ ಕಳುಹಿಸುವ ಉಪಕರಣವಿದೆ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ದೂರವಾಣಿ ಮಾಡಿದರೆ ನಮ್ಮ ಹೋಬಳಿಯ ಮುನ್ಸೂಚನೆ ಸಿಗುತ್ತದೆ. ಇವೆಲ್ಲ ಒಳ್ಳೆಯವೇ, ಬಳಸಿಕೊಳ್ಳಬೇಕಾದವೇ. ಆದರೆ ವರ್ಷದ ಕೊನೆಗೆ ಮೊತ್ತವನ್ನು ಕೂಡಿ ಮಳೆ ವಾಡಿಕೆಯಷ್ಟಾಯಿತು ಎಂದು ಹೇಳುವ ಲೆಕ್ಕ, ಅದು ಹದದ ದಿನ ಬಂತೋ, ಕಣದ ದಿನ ಬಂತೋ ಎಂಬುದನ್ನು ಹೇಳುವುದಿಲ್ಲ. ಮೂರು ದಿನದಲ್ಲಿ ಸುರಿದು ಹೋದ ಮಳೆಯೂ ಮೂವತ್ತು ದಿನ ಹಂಚಿಕೊಂಡು ಬಂದ ಮಳೆಯೂ ಆ ಮೊತ್ತದಲ್ಲಿ ಒಂದೇ. ಹೊಲದಲ್ಲಿ ಒಂದೇ ಅಲ್ಲ. ಆ ವ್ಯತ್ಯಾಸ ತಿಳಿಯಲು ನೆಲವನ್ನು ಒಂದು ಗೇಣು ಕೆದಕಿ ನೋಡುವವರೊಬ್ಬರು ಪ್ರತಿ ಮನೆಯಲ್ಲಿಯೂ ಇರಬೇಕು.

ಆದಕಾರಣ ನಮ್ಮ ಕುಟುಂಬಗಳಲ್ಲಿ ನನ್ನದೊಂದು ಬಿನ್ನಹ. ನಮ್ಮ ಮಕ್ಕಳು ಯಾವ ಪಟ್ಟಣಕ್ಕೆ ಹೋಗಿ ಯಾವ ಉದ್ಯೋಗವನ್ನೇ ಮಾಡಲಿ, ತಾವು ಹುಟ್ಟಿದ ನೆಲಕ್ಕೆ ಮಳೆ ಎಂದು ಬರುತ್ತದೆ, ಎಲ್ಲಿಂದ ಬರುತ್ತದೆ, ಅದರ ಹೆಸರೇನು ಎಂಬುದನ್ನಾದರೂ ಅವರಿಗೆ ತಿಳಿಸಿಕೊಡೋಣ. ಮಡಿಕೇರಿಯ ಮಗುವಿಗೆ ಮಡಿಕೇರಿಯ ಮಳೆ, ಮಂಡ್ಯದ ಮಗುವಿಗೆ ಮಂಡ್ಯದ ನಾಲೆ, ನಮ್ಮ ಮಕ್ಕಳಿಗೆ ಭರಣಿ ಮತ್ತು ಹಸ್ತ. ಪರನಾಡಿನ ಹವೆಯಿಂದ ತನ್ನ ನೆಲವನ್ನು ಅಳೆಯುವವನಿಗೆ ತನ್ನ ನೆಲ ಸದಾ ಬಡವಾಗಿಯೇ ಕಾಣುತ್ತದೆ.

ತಮ್ಮನ ಮಗಳು ಈಗ ಪದವಿಪೂರ್ವ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ಈ ವರ್ಷದ ಕ್ಯಾಲೆಂಡರನ್ನು ತೂಗುಹಾಕಿದವಳು ಅವಳೇ. ಭರಣಿ ಮಳೆಯ ಮರುದಿನ ತಂದೆಯೊಡನೆ ಹೊಲಕ್ಕೆ ಹೋಗಿ ಬಂದು, "ದೊಡ್ಡಪ್ಪ, ಗೇಣಿಗೆ ಎರಡು ಬೆರಳು ಕಡಿಮ ಇಳಿದದ. ಹದ ಅಂತ ಬರೀಲಾ, ಬ್ಯಾಡ್ವಾ?" ಎಂದು ನನಗೆ ದೂರವಾಣಿ ಮಾಡಿ ಕೇಳಿದಳು. ಇನ್ನೊಂದು ಮಳೆ ಬರಲಿ, ಆಮೇಲೆ ಬರೆ ಎಂದೆ. ನಾಲ್ಕು ದಿನಗಳ ನಂತರ ಬಂತು.